ಹಿಂದಿನ ಗಾಡಿ

ಸವಣೂರು ದಾಟಿ ಅರ್ಧ ತಾಸೂ ಆಗಿರಲಿಲ್ಲ, ಅಷ್ಟರಲ್ಲೇ ಸುಯಮೀಂದ್ರ ಕನ್ನಡಿಯಲ್ಲಿ ಹಿಂದಿನ ಗಾಡಿಯನ್ನು ಹತ್ತಾರು ಸಲ ನೋಡಿದ್ದ. ನೀಲಿ ಹೆರಾಲ್ಡ್ ಕಾರು. ಬೆಳಗಿನ ಬಿಸಿಲು ಅದರ ಬೆನ್ನಿಗಿದ್ದುದರಿಂದ ಒಳಗೆ ಕೂತ ಫಯಾಜನ ಮುಖ ಬರೀ ಒಂದು ಕಪ್ಪು ಆಕಾರವಾಗಿ ಕಾಣುತ್ತಿತ್ತು. ಅವನ ಕಣ್ಣು ರಸ್ತೆಯ ಮೇಲಿದೆಯೋ ತನ್ನ ಮೇಲಿದೆಯೋ ತಿಳಿಯುವಂತಿರಲಿಲ್ಲ. ತಾನು ನಿಧಾನ ಮಾಡಿದರೆ ಅದೂ ನಿಧಾನ, ತಾನು ಜೋರು ಮಾಡಿದರೆ ಅದೂ ಜೋರು. ಮೆಕ್ಯಾನಿಕನಾದವನು ಎಲ್ಲರಿಗಿಂತ ಹಿಂದಿರಬೇಕು, ಯಾರ ಗಾಡಿ ಕೆಟ್ಟು ನಿಂತರೂ ಅವನ ಕಣ್ಣಿಗೆ ಬೀಳಬೇಕು ಎಂದು ಎಲ್ಲರೂ ಸೇರಿ ಗೊತ್ತು ಮಾಡಿದ್ದು ನಿಜ. ಆದರೆ ಆ ಮಾತನ್ನು ಮೊದಲು ಎತ್ತಿದ್ದು ಫಯಾಜನೇ ಅಲ್ಲವೇ? ನಾಲ್ಕು ಹಳೇ ಗಾಡಿಗಳು ಕನ್ಯಾಕುಮಾರಿಗೆ ಹೋಗಿ ಬರಲು ಹತ್ತು ದಿನ. ಹತ್ತು ದಿನವೂ ಈ ಮುಖ ತನ್ನ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ಪದ್ಮಜಾ, ಎಷ್ಟು ಸಲ ಹಿಂದ ನೋಡ್ತೀರಿ, ಮುಂದ ಎಮ್ಮಿ ಅದಾವ ನೋಡ್ರಿ ಎಂದಳು. ಅವನು ಬ್ರೇಕು ಒತ್ತಿದ. ಹಿಂದಿನ ಗಾಡಿಯೂ ನಿಂತಿತು, ಅಷ್ಟೇ ಅಂತರದಲ್ಲಿ.

ಗಣಿತದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅವನು ತಂದೆಯ ಕಾಲದ ಫಿಯಾಟನ್ನು ಶೆಡ್ಡಿನಿಂದ ಹೊರಗೆ ಎಳೆಸಿದ್ದ. ಎಳೆಸಿದ ಮೂರನೆಯ ದಿನ ಫಯಾಜ ತಾನಾಗಿ ಮನೆಗೆ ಬಂದ. ಸವಣೂರಿನಲ್ಲಿ ಅವನ ಗ್ಯಾರೇಜು ಹಳೇ ಗಾಡಿಗಳಿಗೆ ಹೆಸರಾಗಿತ್ತು. ಹುಬ್ಬಳ್ಳಿ, ಬೆಳಗಾವಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. 'ಸರ, ನೀವು ನನಗ ಪಿಯುಸಿಗೆ ಲೆಕ್ಕ ಕಲಿಸೀರಿ' ಎಂದು ಕೈ ಮುಗಿದು, ತೋಳು ಮಡಚಿ, ಬಾನೆಟ್ಟಿನೊಳಗೆ ತಲೆ ಹಾಕಿದವನು ಎಂಟು ತಿಂಗಳು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದ. ಪದ್ಮಜಾ ಅವನಿಗೆ ಮಜ್ಜಿಗೆ ಕೊಡುವಳು, ಅವನು ಅಂಗಳದ ಕಟ್ಟೆಯ ಮೇಲೆ ಕೂತು ಕುಡಿಯುವನು. ಎಂಟು ತಿಂಗಳಲ್ಲಿ ಆ ಒಂದು ಸಂಗತಿ ಅವನ ಬಾಯಿಂದ ಹೊರಬರಲಿಲ್ಲ. ಮರೆತಿದ್ದಾನೆ ಎನ್ನಲು ಸಾಧ್ಯವೇ? ಮರೆತವನು ಹುಡುಕಿಕೊಂಡು ಬರುತ್ತಾನೆಯೇ? ನೆನಪಿದ್ದರೆ ಯಾಕೆ ಸುಮ್ಮನಿದ್ದಾನೆ? ರಾತ್ರಿ ಊಟದ ಹೊತ್ತಿಗೆ ಈ ಪ್ರಶ್ನೆಗಳನ್ನೆಲ್ಲ ಸುಯಮೀಂದ್ರ ಅನ್ನದ ಜೊತೆ ಕಲಸಿ ನುಂಗುತ್ತಿದ್ದ. ಫಿಯಾಟು ಮಾತ್ರ ಶುಕ್ರವಾರದಿಂದ ಶುಕ್ರವಾರಕ್ಕೆ ಜೀವ ತುಂಬಿಕೊಳ್ಳುತ್ತ ಹೋಗಿ ಒಂದು ದಿನ ಗಂಟಲು ಸರಿಮಾಡಿಕೊಂಡವರಂತೆ ಕೆಮ್ಮಿ ಚಾಲೂ ಆಯಿತು. ಅಂದೇ ಫಯಾಜ ತನ್ನ ಗೆಳೆಯರ ಕೂಟಕ್ಕೆ ಸೇರಲು ಅವನನ್ನು ಕರೆದ. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಶಿಗ್ಗಾವಿಯ ಹೊರಗೆ ಹೋಟೆಲೊಂದರ ಮುಂದೆ ಕುಬೇರಪ್ಪ ತನ್ನ ಕಪ್ಪು ಅಂಬಾಸಿಡರಿಗೆ ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿರೇಬೆಂಡಿಗೇರಿಯ ಜಮೀನುದಾರ, ಮೈತುಂಬ ನಗು. ಹೆಂಡತಿ ಅನ್ನವ್ವ ರೊಟ್ಟಿಯ ಬುಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಮೊಸರಿನ ಗಡಿಗೆ ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಕೂಸನ್ನು ಕೂರಿಸಿದಂತೆ ಕೂರಿಸಿದ್ದಳು. ಗಾಡಿ ನೋಡಲು ಜನ ಸೇರಿದರು. ಒಬ್ಬ ಮುದುಕ ಫಿಯಾಟಿನ ಮಡ್ಗಾರ್ಡು ಸವರಿ, ಇಂಥಾದ್ರಾಗ ನನ್ನ ಮದಿವಿ ದಿಬ್ಬಣ ಹೋಗಿತ್ತು ಎಂದ. ಚಹಾ ಬಂತು. ಕುಬೇರಪ್ಪ ತನ್ನ ಬಟ್ಟಲನ್ನು ಅರ್ಧ ಮಾಡಿ ಫಯಾಜನಿಗೆ ಕೊಟ್ಟ. ಅಷ್ಟರ ಮಟ್ಟಿಗೆ ಸುಯಮೀಂದ್ರನಿಗೂ ಹಿತವೆನಿಸಿತ್ತು. ಆದರೆ ಅವನು ಕೈ ತೊಳೆದು ಬರುವಾಗ ಅವರಿಬ್ಬರೂ ಅಂಬಾಸಿಡರಿನ ಆಚೆ ತಲೆಗೆ ತಲೆ ಕೂಡಿಸಿ ಏನೋ ಮಾತಾಡುತ್ತಿದ್ದರು. ಅವನನ್ನು ಕಂಡದ್ದೇ ಮಾತು ನಿಂತಿತು. ಮರುಗಳಿಗೆ ಕುಬೇರಪ್ಪ, ಅಕ್ಕಾವ್ರು ನಮ್ಮ ಗಾಡ್ಯಾಗ ಕುಂಡ್ರಲಿ, ಅನ್ನವ್ವಗ ಜೋಡಿ ಆಕೈತಿ ಎಂದ. ಪದ್ಮಜಾ ಆಗಲೇ ಕೈಚೀಲ ಹಿಡಿದು ಇಳಿದಿದ್ದಳು. ನನ್ನನ್ನು ಒಬ್ಬನನ್ನೇ ಮಾಡುತ್ತಿದ್ದಾರೆ ಎಂದು ಸುಯಮೀಂದ್ರನಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೂ ಅನ್ನಿಸಿದ್ದು ಹೋಗಲಿಲ್ಲ.

ಬಂಕಾಪುರದ ಹತ್ತಿರ ಒಂದು ನವಿಲು ರಸ್ತೆಗೆ ಅಡ್ಡ ಬಂದು, ತನಗೇನೂ ಅವಸರವಿಲ್ಲವೆಂಬಂತೆ ಹೆಜ್ಜೆ ಎತ್ತಿಡುತ್ತ ದಾಟಿತು. ಅದನ್ನು ನೋಡುತ್ತ ನಿಂತಾಗ ಮೂವತ್ತು ವರ್ಷದ ಹಿಂದಿನ ಪರೀಕ್ಷೆಯ ಕೋಣೆಯ ಕಿಟಕಿ ಕಣ್ಣಿಗೆ ಕಟ್ಟಿತು. ಮಾರ್ಚಿನ ಬಿಸಿಲು, ಸಾಲು ಬೆಂಚು, ತಾನು ಮೂವತ್ತೊಂದರ ಲೆಕ್ಚರರ್. ಜಾಗೃತ ದಳದ ಸಾಹೇಬ ಸಪ್ಪಳವಿಲ್ಲದೆ ಒಳಗೆ ಬಂದು ಎರಡು ಬೆಂಚುಗಳ ನಡುವೆ ನೆಲದ ಮೇಲೆ ಬಿದ್ದಿದ್ದ ಚೀಟಿಯನ್ನು ಎತ್ತಿಕೊಂಡಿದ್ದ. ಯಾರದಿದು? ಒಂದು ಬದಿಗೆ ಫಯಾಜ, ಇನ್ನೊಂದು ಬದಿಗೆ ಸುಶೀಂದ್ರ. ಇಬ್ಬರೂ ಎದ್ದು ನಿಂತರು. ಸಾಹೇಬ ಚೀಟಿಯನ್ನು ಸುಯಮೀಂದ್ರನ ಮುಂದೆ ಹಿಡಿದ. ಬಲಕ್ಕೆ ಬಾಗಿದ ಆ ಅಕ್ಷರ, ಎಂಟರ ಅಂಕಿಯ ಹೊಟ್ಟೆಯಲ್ಲಿ ಬೀಳುವ ಆ ಚಿಕ್ಕ ಗಂಟು. ಎರಡು ವರ್ಷ ಅವನು ತಿದ್ದಿದ ಸುಶೀಂದ್ರನ ಅಕ್ಷರ. ಫಯಾಜನಿಗೆ ಚೀಟಿಯ ಗರಜೇ ಇರಲಿಲ್ಲ; ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುವ ಹುಡುಗ. ಸುಯಮೀಂದ್ರ ಬಾಯಿ ತೆರೆಯಲಿಲ್ಲ. ಬೆರಳು ತೋರಿಸಲಿಲ್ಲ. ಸುಮ್ಮನೆ ಫಯಾಜನ ಕಡೆ ನೋಡಿದ, ಒಂದೇ ಒಂದು ಗಳಿಗೆ. ಸಾಹೇಬ ಆ ನೋಟದ ಹಿಂದೆಯೇ ಹೋದ. ಫಯಾಜ ಮೂರು ವರ್ಷ ಡಿಬಾರ್ ಆದ. ನಾನೇನೂ ಹೇಳಲಿಲ್ಲವಲ್ಲ ಎಂಬ ಮಾತನ್ನು ಅಂದಿನಿಂದ ಸುಯಮೀಂದ್ರ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದು ಸಂಧ್ಯಾವಂದನೆಯ ಮಂತ್ರದಂತೆ ಅರ್ಥ ಕಳೆದುಕೊಂಡು ಬರೀ ನಾಲಗೆಯ ಅಭ್ಯಾಸವಾಗಿತ್ತು. ಸುಶೀಂದ್ರನ ತಂದೆ ಅದೇ ಕಾಲೇಜಿನಲ್ಲಿ ಸಂಸ್ಕೃತದ ಹಿರಿಯ ಅಧ್ಯಾಪಕರು. ಮಠದಲ್ಲಿ ಪಂಕ್ತಿಗೆ ಅವರದೂ ತನ್ನದೂ ಪಕ್ಕಪಕ್ಕದ ಎಲೆ. ಅದಕ್ಕೇ ನೋಡಿದೆನೇ? ಅಥವಾ ಇನ್ನೊಬ್ಬನ ಹೆಸರು ಫಯಾಜ ಎಂದಿದ್ದುದಕ್ಕೆ, ಅವನನ್ನು ನೋಡಿದರೆ ಯಾರೂ ಪ್ರಶ್ನಿಸುವುದಿಲ್ಲ ಎಂದು ಕಣ್ಣುಗಳಿಗೆ ಮೊದಲೇ ಗೊತ್ತಿದ್ದುದಕ್ಕೆ? ಇಲ್ಲಿಗೆ ಬಂದಾಗಲೆಲ್ಲ ಅವನು ಯೋಚಿಸುವುದನ್ನು ನಿಲ್ಲಿಸಿಬಿಡುತ್ತಿದ್ದ. ಈಗಲೂ ನಿಲ್ಲಿಸಿದ. ಹಿಂದಿನ ಗಾಡಿ ಮೆಲ್ಲಗೆ ಹಾರ್ನ್ ಮಾಡಿತು. ನವಿಲು ಯಾವಾಗಲೋ ಹೋಗಿತ್ತು.

ಹಾನಗಲ್ಲಿನಲ್ಲಿ ರಂಜನಾ ಸೇರಿಕೊಂಡಳು. ಅವಳು ದನದ ಡಾಕ್ಟರು, ನಲವತ್ತೈದರ ಆಸುಪಾಸು; ತಂದೆ ಬಿಟ್ಟುಹೋದ ಜೀಪನ್ನು ಒಬ್ಬಳೇ ಓಡಿಸುತ್ತಿದ್ದಳು. ಎಲ್ಲರ ಕೈ ಕುಲುಕಿ ಸುಯಮೀಂದ್ರನ ಹತ್ತಿರ ಬಂದು, ನೀವು ಶಿಗ್ಗಾವಿ ಕಾಲೇಜಿನ್ಯಾಗ ಇದ್ರಿ ಅಲ್ರಿ ಸರ, ನಮ್ಮಣ್ಣ ಫಯಾಜಣ್ಣನ ಬ್ಯಾಚಿನ್ಯಾಂವ, ಆವತ್ತಿನ ಸುದ್ದಿ ಭಾಳ ಹೇಳ್ತಾನ ಎಂದಳು. ಯಾವ ಸುದ್ದಿ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಅವಳು ನಗುತ್ತಿದ್ದಳು. ಆ ನಗೆ ಎಂಥದು? ಎಲ್ಲರಿಗೂ ಗೊತ್ತಿದೆ. ಫಯಾಜ ಎಲ್ಲರಿಗೂ ಹೇಳಿದ್ದಾನೆ. ಊರಿನಿಂದ ದೂರ ಎಲ್ಲೋ ಒಂದು ಕಡೆ ತನ್ನನ್ನು ನಡುವೆ ಕೂರಿಸಿ ಕೇಳುತ್ತಾರೆ. ಅಥವಾ ಕೇಳುವುದೂ ಇಲ್ಲ, ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ, ಅಷ್ಟೆ. ಎಂಟು ತಿಂಗಳು ಆ ಮನುಷ್ಯ ತನ್ನ ಎಂಜಿನ್ನಿನೊಳಗೆ ಕೈಯಾಡಿಸಿದ್ದಾನೆ, ಏನು ಮಾಡಿದ್ದಾನೆಂದು ನನಗೇನು ಗೊತ್ತು? ಉಳಿದವರು ತಾರಕೇಶ್ವರನ ಗುಡಿಯೊಳಗೆ ಹೋದರು, ಫಯಾಜ ಕ್ಯಾನುಗಳಿಗೆ ನೀರು ತುಂಬಿಸಲು ಹೋದ. ಕಾಲು ನೋವೆಂದು ಹೊರಗುಳಿದ ಸುಯಮೀಂದ್ರ ಹಣೆಯ ಬೆವರನ್ನು ಬೆರಳಿಂದ ಒರೆಸಿಕೊಂಡು ಬಾನೆಟ್ಟು ಎತ್ತಿದ. ಅವನಿಗೆ ತಿಳಿಯುತ್ತಿದ್ದುದು ಸ್ವಲ್ಪ. ಬ್ರೇಕಿನ ಎಣ್ಣೆ ನೋಡಿದ, ವಯರು ಎಳೆದು ನೋಡಿದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಕಪ್ಪು ಟೊಪ್ಪಿಗೆಯ ಎರಡೂ ಕ್ಲಿಪ್ಪು ಬಿಡಿಸಿ ತೆಗೆದು, ಒಳಗೆ ಹಳೆಯ ಸಾಮಾನೇ ಇದೆಯೋ ಬದಲಾಗಿದೆಯೋ ಎಂದು ಬಗ್ಗಿ ನೋಡಿದ. ಏನೂ ಬದಲಾಗಿರಲಿಲ್ಲ, ತಂದೆಯ ಕಾಲದ್ದೇ, ತೊಳೆದು ಒರೆಸಿ ಹೊಳೆಯುತ್ತಿತ್ತು. ಅಷ್ಟರಲ್ಲಿ ಗುಡಿಯ ಕಡೆಯಿಂದ ಪದ್ಮಜಾಳ ದನಿ ಕೇಳಿಸಿತು. ಕಳ್ಳನಂತೆ ಟೊಪ್ಪಿಗೆಯನ್ನು ಇದ್ದಲ್ಲಿಗೆ ಒತ್ತಿ, ಕ್ಲಿಪ್ಪು ಬಿತ್ತೋ ಇಲ್ಲವೋ ನೋಡದೆ ಬಾನೆಟ್ಟು ಮುಚ್ಚಿದ.

ತಿಳವಳ್ಳಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಚಿಕ್ಕೇರೂರಿನ ಹತ್ತಿರ ರಸ್ತೆಯ ತಗ್ಗುಗಳು ಶುರುವಾದವು. ಫಿಯಾಟು ಒಮ್ಮೆ ಬಿಕ್ಕಿತು, ಮತ್ತೆ ಬಿಕ್ಕಿತು, ಆಮೇಲೆ ಗೋವಿನಜೋಳದ ಹೊಲವೊಂದರ ಪಕ್ಕ ಸತ್ತುನಿಂತಿತು. ಸುಯಮೀಂದ್ರನಿಗೆ ಮೊದಲು ಬಂದ ಯೋಚನೆ, ಕಡೆಗೂ ಮಾಡಿದ, ಎಂಬುದು. ಹಾನಗಲ್ಲಿನಲ್ಲಿ ತಾನೇ ಕೈಯಿಟ್ಟಿದ್ದು ನೆನಪಾಗಲು ಇನ್ನೊಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಫಯಾಜ ಹೆರಾಲ್ಡಿನಿಂದ ಇಳಿದು ಬಂದು ಬಾನೆಟ್ಟು ಎತ್ತಿಯಾಗಿತ್ತು. ಮುಂದೆ ಹೋಗಿದ್ದ ಅಂಬಾಸಿಡರೂ ಜೀಪೂ ತಿರುಗಿ ಬಂದವು. ಸುಯಮೀಂದ್ರ ಫಯಾಜನ ಹೆಗಲ ಮೇಲಿಂದ ನೋಡಿದ. ಒಂದು ಕ್ಲಿಪ್ಪು ಕಳಚಿ ನೇತಾಡುತ್ತಿತ್ತು; ಟೊಪ್ಪಿಗೆ ಒಂದು ಮಗ್ಗುಲಿಗೆ ಎದ್ದಿತ್ತು; ಅದರ ಕಪ್ಪು ಮೈ ಮೇಲೆ ಮೂರು ಬೆರಳುಗಳ ಹಳದಿ ಗುರುತು. ಗೋಪೀಚಂದನ. ಅವನ ಕೈ ತಾನಾಗಿ ಹಣೆಗೆ ಹೋಯಿತು. ಬೆವರಿನ ಜೊತೆ ಅರ್ಧ ನಾಮ ಅಳಿಸಿಹೋಗಿತ್ತು. ಫಯಾಜ ಆ ಗುರುತನ್ನು ನೋಡಿದ. ಅದರ ಮೇಲೆ ಅವನ ಕಣ್ಣು ನಿಂತದ್ದನ್ನು ಸುಯಮೀಂದ್ರ ಕಂಡ. ಆಮೇಲೆ ಫಯಾಜ ಹೆಗಲ ಮೇಲಿನ ಅರಿವೆಯಿಂದ, ಧೂಳು ಒರೆಸಿದ ಹಾಗೆ, ಆ ಮೂರು ಬೆರಳನ್ನೂ ಒರೆಸಿಬಿಟ್ಟ.

ಏನಾಗಿತ್ತು ಎಂದು ಕುಬೇರಪ್ಪ ಕೇಳಿದ.

'ಕ್ಲಿಪ್ ಸರಿ ಕುಂತಿದ್ದಿಲ್ರಿ' ಎಂದ ಫಯಾಜ. 'ನಿನ್ನಿ ನಾನ ಹಾಕಿದ್ನಿ. ನಂದ ತಪ್ಪು.'

ಇದೀಗ ಹೇಳಬೇಕು ಎಂದು ಸುಯಮೀಂದ್ರನಿಗೆ ಗೊತ್ತಿತ್ತು. ಎಲ್ಲರೂ ಫಯಾಜನ ಕಡೆ ನೋಡಿದರು. ಅವನೂ ನೋಡಿದ. ಅದೇ ಕತ್ತಿನ ಹೊರಳಿಕೆ, ಅದೇ ಒಂದು ಗಳಿಗೆ. ಕುಬೇರಪ್ಪ ನಕ್ಕು, ವಯಸ್ಸಾತು ನಿನಗ ಎಂದು ಫಯಾಜನ ಬೆನ್ನಿಗೆ ಗುದ್ದಿದ. ಗಾಡಿ ಚಾಲೂ ಆಯಿತು.

ಹಿರೇಕೆರೂರಿನವರೆಗಿನ ದಾರಿ ಅವನಿಗೆ ಕಾಣಲೇ ಇಲ್ಲ. ಯಾಕೆ ಒರೆಸಿದ? ಕಾಪಾಡಲು ಎಂದು ನಂಬುವುದು ಸುಲಭವಾಗಿರಲಿಲ್ಲ. ಋಣ ಹೊರಿಸುವುದೂ ಒಂದು ಬಗೆಯ ಸೇಡಲ್ಲವೇ? ಅಥವಾ, ನಿನ್ನ ಗುರುತು ನನ್ನ ಕೈಯಲ್ಲಿದೆ ಎಂದು ತಿಳಿಸಿದನೇ? ಮತ್ತೆ ಹುಸೇನಸಾಬ ನೆನಪಾದ. ಫಯಾಜನ ತಂದೆ, ಲಾರಿ ಡ್ರೈವರ. ಡಿಬಾರಾದ ವಾರದಲ್ಲೇ ಒಂದು ಮಧ್ಯಾಹ್ನ ಬಂದು ಗೇಟಿನ ಹೊರಗೆ ನಿಂತಿದ್ದ. ಒಂದು ಮಾತು ಹೇಳ್ರಿ ಸರ, ಆ ಚೀಟಿ ನನ್ನ ಮಗಾ ಬರದಿಲ್ಲ ಅಂತ ನಿಮಗ ಗೊತ್ತೈತಿ ಎಂದು ಕೇಳಲು. ಸುಯಮೀಂದ್ರ ಪಡಸಾಲೆಯ ಬಾಗಿಲ ಹಿಂದೆ ನಿಂತು, ಮನೆಯಲ್ಲಿಲ್ಲವೆಂದು ಹೇಳು ಎಂದು ಹೊಸ ಹೆಂಡತಿಗೆ ಸನ್ನೆ ಮಾಡಿದ್ದ. ಪದ್ಮಜಾ ಹಾಗೇ ಹೇಳಿ, ಬಿಸಿಲಲ್ಲಿ ಬಂದವನಿಗೆ ಒಂದು ತಂಬಿಗೆ ನೀರು ಕೊಟ್ಟಿದ್ದಳು. ಬಾಗಿಲ ಸಂದಿಯಿಂದ ಕಂಡದ್ದು ಆ ಮನುಷ್ಯನ ಗಂಟಲು. ನೀರು ಇಳಿಯುವಾಗ ಮೇಲೆ ಕೆಳಗೆ ಆಡುತ್ತಿದ್ದ ಅದರ ಗಂಟು. ನೀರು ಕುಡಿದವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಒಂದು ಸಲ ಬಾಗಿಲ ಕಡೆ ನೋಡಿ ಹೋಗಿದ್ದ. ಹುಸೇನಸಾಬ ತೀರಿಕೊಂಡು ಆರು ವರ್ಷವಾಯಿತೆಂದು ಫಯಾಜನೇ ಒಂದು ಶುಕ್ರವಾರ ಹೇಳಿದ್ದ, ನಟ್ಟಿಗೆ ಪಾನಾ ಹಾಕಿ ತಿರುವುತ್ತ, ತಲೆಯೆತ್ತದೆ.

ಮಾಸೂರಿನ ಮದಗದ ಕೆರೆಯ ದಂಡೆಯ ಮೇಲೆ, ಮರದ ನೆರಳಿನಲ್ಲಿ ಅನ್ನವ್ವ ಜಮಖಾನೆ ಹಾಸಿದಳು. ನೀರಿನ ಮೇಲಿನಿಂದ ಗಾಳಿ ಬರುತ್ತಿತ್ತು, ಕೆಳಗಿನ ಗದ್ದೆಗಳಲ್ಲಿ ಹೆಣ್ಣಾಳುಗಳು ಬಗ್ಗಿ ಕಳೆ ಕೀಳುತ್ತಿದ್ದರು. ರೊಟ್ಟಿ, ಹಿಂಡಿ, ಎಣ್ಣೆಗಾಯಿ, ಪದ್ಮಜಾಳ ಗೊಜ್ಜವಲಕ್ಕಿ ಕೈಯಿಂದ ಕೈಗೆ ದಾಟಿದವು. ಪೆಟ್ರೋಲಿನ ವಾಸನಿಗೆ ನನಗ ಸಂಕಟ ಆಗ್ತಿತ್ತು, ನಾನ ಫಯಾಜಗ ಹೇಳಿ ಗಾಡಿ ಬದಲಿ ಮಾಡ್ಸಿಕೊಂಡೆ, ನಿಮಗ ಹೇಳಿದ್ರ ಸಿಟ್ಟಾಗ್ತಿದ್ರಿ ಎಂದು ಪದ್ಮಜಾ ತಾನಾಗಿ ಹೇಳಿದಳು. ಶಿಗ್ಗಾವಿಯ ಗುಟ್ಟು ಇಷ್ಟೇ ಆಗಿತ್ತು. ಊಟದ ನಡುವೆ ಚಿಕ್ಕೇರೂರಿನ ಮಾತು ಮತ್ತೆ ಬಂತು. ಮೊದಲು ಚೇಷ್ಟೆಯೇ. ಆದರೆ ಕುಬೇರಪ್ಪ ನಗು ನಿಲ್ಲಿಸಿ, ಹಂಗಾದ್ರ ಘಟ್ಟ ಹತ್ತೂಕಿಂತ ಮೊದಲ ಶಿವಮೊಗ್ಗದಾಗ ಬ್ಯಾರೆ ಮಿಸ್ತ್ರಿಗೆ ಎಲ್ಲಾ ಗಾಡಿ ತೋರಸೂನೇನು ಎಂದ. ರಂಜನಾಳೂ, ಬೇಸರ ಮಾಡ್ಕೋಬ್ಯಾಡ್ರಿ ಫಯಾಜಣ್ಣ, ನನ್ನ ಜೀಪಿನ ಬ್ರೇಕೂ ನೀವ ಮಾಡೀರಿ, ಒಮ್ಮೆ ತೋರ್ಸಿದ್ರ ಏನ್ ತಪ್ಪು ಎಂದಳು. ಫಯಾಜ ತೋರಸ್ರಿ ಎಂದು ರೊಟ್ಟಿ ಮುರಿದ. ಮುರಿದ ತುಂಡು ಕೈಯಲ್ಲೇ ಉಳಿಯಿತು. ಮೂವತ್ತು ವರ್ಷದಲ್ಲಿ ಅವನು ಕಟ್ಟಿಕೊಂಡಿದ್ದು ಒಂದೇ, ತನ್ನ ಕೈಯ ಮೇಲಿನ ಜನರ ನಂಬಿಕೆ. ಅದು ತನ್ನ ಕಣ್ಣೆದುರೇ ಬಿರುಕು ಬಿಡುತ್ತಿದೆಯೆಂದು ಸುಯಮೀಂದ್ರನಿಗೆ ಕಂಡಿತು.

'ಆ ಕ್ಲಿಪ್ ಬಿಚ್ಚಿದಾಂವ ನಾನು' ಎಂದ. ದನಿ ಬೇರೆ ಯಾರದೋ ಅನ್ನಿಸಿತು. 'ಹಾನಗಲ್ಲಿನ್ಯಾಗ, ನೀವೆಲ್ಲಾ ಗುಡಿಗೆ ಹೋದಾಗ. ಫಯಾಜಂದು ಏನೂ ತಪ್ಪಿಲ್ಲ.'

ಯಾಕ ಬಿಚ್ಚಿದ್ರಿ ಸರ ಎಂದು ಕುಬೇರಪ್ಪ ಸಹಜವಾಗಿಯೇ ಕೇಳಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಏನೋ ಸಪ್ಪಳ ಬಂತು, ನೋಡಿದೆ ಎಂದರೆ ಮುಗಿಯುತ್ತಿತ್ತು. ಅವನ ಮೇಲೆ ಸಂಶಯ ಇತ್ತು ಎಂದುಬಿಟ್ಟ ಸುಯಮೀಂದ್ರ. ಎಂಥಾ ಸಂಶಯ ಎಂದು ರಂಜನಾ ಕೇಳಿದಾಗ, ತಟ್ಟೆಯಲ್ಲಿದ್ದ ಹಿಂಡಿಯನ್ನು ನೋಡುತ್ತ ಎಲ್ಲವನ್ನೂ ಹೇಳಿದ. ಚೀಟಿ, ಅಕ್ಷರ, ಎರಡು ಬೆಂಚು, ತನ್ನ ನೋಟ. ಗೇಟಿನ ಹತ್ತಿರ ಬಂದ ಮನುಷ್ಯ, ಬಾಗಿಲ ಹಿಂದೆ ನಿಂತ ತಾನು. ಹೇಳುತ್ತ ಹೋದಂತೆ ರಂಜನಾಳ ಮುಖದಲ್ಲಿ ಕಂಡದ್ದು ಬರೀ ಆಶ್ಚರ್ಯ. ಅವಳ ಅಣ್ಣ ಹೇಳುತ್ತಿದ್ದದ್ದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ದಿನ ಸ್ಟೇಜು ಕುಸಿದ ಸುದ್ದಿಯಂತೆ. ಇವರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಪದ್ಮಜಾ ತಟ್ಟೆ ಕೆಳಗಿಟ್ಟಳು. 'ಆವತ್ತ ನಾ ನೀರು ಕೊಟ್ಟೆ. ಅವ್ರೇನು?'

ಅವನು ಹೌದೆಂದು ತಲೆಯಾಡಿಸಿದ. ಅವಳು ಎದ್ದು ದಂಡೆಯ ಅಂಚಿಗೆ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತಳು.

ಕುಬೇರಪ್ಪ ತನ್ನ ತಟ್ಟೆ ಸರಿಸಿ, ನಿನಗ ಇದೆಲ್ಲಾ ಗೊತ್ತಿತ್ತೇನು ಎಂದು ಫಯಾಜನನ್ನು ಕೇಳಿದ.

'ಗೊತ್ತಿತ್ರಿ. ಆವತ್ತ ಸಾಹೇಬ್ರು ಸರ್ ಮಾರಿ ನೋಡಿದ್ರು, ನಾನೂ ನೋಡಿದ್ನಿ.'

'ಮತ್ತ ಇವ್ರ ಗಾಡಿ ಯಾಕ ಮಾಡಿಕೊಟ್ಟಿ?'

'ಗಾಡಿ ಏನ್ ತಪ್ಪ ಮಾಡೇತ್ರಿ?' ಎಂದ ಫಯಾಜ. ಕೈಯಲ್ಲಿದ್ದ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದು ನುಂಗಿದ. ಎಂಟು ತಿಂಗಳು ಅಂಗಳದಾಗ ಕುಂತೆ, ಸರ ಹೇಳಲಿಲ್ಲ. ಹತ್ತು ದಿನ ಜೋಡಿ ಇದ್ರ ಒಂದಿನ ಆದ್ರೂ ಹೇಳ್ತಾರ ಅಂತ ಕರದೆ, ಅಷ್ಟ ಎಂದ. ಆಮೇಲೆ ಮೊದಲ ಬಾರಿಗೆ ಸುಯಮೀಂದ್ರನ ಕಡೆ ನೇರವಾಗಿ ನೋಡಿದ. 'ನಮ್ಮಪ್ಪ ಇದ್ದಾಗ ಹೇಳಬೇಕಿತ್ರಿ ಸರ.'

ಕೆಳಗಿನ ಗದ್ದೆಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದರು. ಅನ್ನವ್ವ ಫಯಾಜನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಸುಯಮೀಂದ್ರನ ತಟ್ಟೆಯ ಮುಂದೆ ಅವಳ ಕೈ ತಡೆಯಿತು. ಬಳಿಕ ಅವನಿಗೂ ಹಾಕಿ, ಬುಟ್ಟಿ ಮುಚ್ಚಿದಳು. ಆ ರೊಟ್ಟಿಯನ್ನು ತಿನ್ನಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ತಿಂದ.

ಕೈ ತೊಳೆದುಕೊಂಡು ಬಂದು, ನಾವು ತಿರುಗಿ ಸವಣೂರಿಗೆ ಹೋಗ್ತೀವಿ ಎಂದು ಎಲ್ಲರಿಗೂ ಸೇರಿಸಿ ಹೇಳಿದ. ಕುಬೇರಪ್ಪ ತನ್ನ ಗಾಡಿಯ ಗಾಜು ಒರೆಸತೊಡಗಿದ, ರಂಜನಾ ಜೀಪಿನ ಹಗ್ಗ ಬಿಗಿದಳು. ಫಿಯಾಟಿನ ಬಾಗಿಲು ತೆಗೆಯುವ ಹೊತ್ತಿಗೆ ಫಯಾಜ ಬಂದು ಎದುರಿಗೆ ನಿಂತ.

'ಹೋಗಬ್ಯಾಡ್ರಿ. ಮಾಫ್ ಮಾಡೇನಿ ಅಂತ ಅಲ್ಲ, ಮಾಡಿಲ್ಲ. ಆದ್ರ ಹೋಗಬ್ಯಾಡ್ರಿ.' ಅಂಗೈ ಚಾಚಿದ. 'ನಿಮ್ಮ ಗಾಡಿ ಸಪ್ಪಳ ಇನ್ನೂ ಸರಿ ಇಲ್ಲ. ಶಿಕಾರಿಪುರದ ತನಕ ನಾ ಹೊಡದು ನೋಡ್ತೇನಿ. ನೀವು ನಂದು ತಗೊಂಡು ಬರ್ರಿ.'

ತನ್ನ ಗಾಡಿಯ ಚಾವಿಯನ್ನು ಸುಯಮೀಂದ್ರ ಈವರೆಗೆ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಈಗ ಕೊಟ್ಟ. ಬದಲಿಗೆ ಬಂದ ಚಾವಿ ಬೆಚ್ಚಗಿತ್ತು. ಪದ್ಮಜಾ ದಂಡೆಯಿಂದ ಇಳಿದು ಬಂದವಳು, ಅವನ ಕಡೆ ನೋಡದೆ, ಯಾರನ್ನೂ ಏನೂ ಕೇಳದೆ ಫಿಯಾಟಿನಲ್ಲಿ ಫಯಾಜನ ಪಕ್ಕಕ್ಕೆ ಹೋಗಿ ಕೂತಳು. ಪೆಟ್ರೋಲಿನ ವಾಸನೆ ಈಗ ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಅಂಬಾಸಿಡರು ಹೊರಟಿತು, ಜೀಪು ಹೊರಟಿತು, ಆಮೇಲೆ ಫಿಯಾಟು. ಸುಯಮೀಂದ್ರ ಹೆರಾಲ್ಡಿನೊಳಗೆ ಕೂತ. ಸೀಟು ಬೇರೆ ಮೈಯ ಅಳತೆಗೆ ತಗ್ಗಾಗಿತ್ತು. ಎದುರಿನ ಖಾನೆಯ ಬಾಗಿಲು ತೆರೆದುಕೊಂಡಿತ್ತು. ನೋಡಬಾರದೆಂದುಕೊಂಡರೂ ಒಳಗೆ ನೋಡಿದ. ಒಂದು ನಕಾಶೆ, ಓದುವ ಕನ್ನಡಕ, ಏಲಕ್ಕಿಯ ಪೊಟ್ಟಣ. ಬಾಗಿಲು ಮುಚ್ಚಿದ, ಅದು ಮತ್ತೆ ತೆರೆದುಕೊಂಡಿತು. ಚಾವಿ ತಿರುವಿದ. ಎಡಗೈ ಅಭ್ಯಾಸಬಲದಿಂದ ಸ್ಟೇರಿಂಗಿನ ಪಕ್ಕದಲ್ಲಿ ಗೇರು ಹುಡುಕಿ ಬರೀ ಗಾಳಿಯನ್ನು ಹಿಡಿಯಿತು. ಇದರ ಗೇರು ಕೆಳಗೆ, ಮೊಣಕಾಲ ಹತ್ತಿರ. ಎಳೆದ, ಗಾಡಿ ಜಗ್ಗಿ ಮುಂದಕ್ಕೆ ಹಾರಿ ಆರಿಹೋಯಿತು. ತಲೆಯೆತ್ತಿ ನೋಡಿದರೆ ಕೆರೆಯ ತಿರುವಿನಲ್ಲಿ ತನ್ನ ಫಿಯಾಟು ನಿಂತಿತ್ತು, ಬ್ರೇಕಿನ ಕೆಂಪು ದೀಪ ಹಚ್ಚಿಕೊಂಡು. ಪದ್ಮಜಾಳ ತಲೆ ಫಯಾಜನ ಕಡೆ ವಾಲಿತ್ತು, ಏನೋ ಹೇಳುತ್ತಿದ್ದಳು. ಅವರು ತನಗಾಗಿ ಕಾಯುತ್ತಿದ್ದಾರೆಯೋ, ತನ್ನ ಕಾವಲು ಕಾಯುತ್ತಿದ್ದಾರೆಯೋ ತಿಳಿಯಲಿಲ್ಲ. ಎರಡೂ ಇರಬಹುದು ಎಂದುಕೊಂಡು ಅವನು ಮತ್ತೆ ಚಾವಿ ತಿರುವಿದ.